ಸೋದರಮಾವನ ಸಿದ್ಧಾಂತವೂ ಎಲ್ಲಮ್ಮನ ಗುಡ್ಡವೂ

ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಬೆಳಗಾವಿ, ಖಾನಾಪುರ ಮತ್ತು ಗಡಿಯಾಚೆಯ ಕೊಲ್ಹಾಪುರ, ಸಾಂಗ್ಲಿ ಕಡೆಗಳಿಂದ, ಹಿಂದೆ ಚಕ್ಕಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರು ಟೆಂಪೊಗಳಲ್ಲಿ ತುಂಬಿಕೊಂಡು, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುವ ಜನಸಾಗರದಲ್ಲಿ ಜೋಗಪ್ಪಂದಿರು ಎದ್ದು ಕಾಣುತ್ತಾರೆ. ಹಣೆತುಂಬ ಭಂಡಾರ ಬಳಿದುಕೊಂಡು, ದೇವಿಯ ಮೂರ್ತಿಯನ್ನಿಟ್ಟ ಕೊಡವನ್ನು ಕೈಬಿಟ್ಟು ತಲೆಯ ಮೇಲೆ ಹೊತ್ತು ಒಬ್ಬರು ಕುಣಿಯುತ್ತಿದ್ದರೆ, ಇನ್ನೊಬ್ಬರು ಚೌಡಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಅದರ ಒಂಟಿ ತಂತಿಯನ್ನು ಮೀಟುತ್ತ ರೇಣುಕೆಯ ಕಥೆ ಹಾಡುತ್ತಾರೆ. ಗಂಡಾಗಿ ಹುಟ್ಟಿ, ದೇವಿ ತಮ್ಮನ್ನು ಹಿಡಿದಳೆಂದು ನಂಬಿ, ಗುರುವಿನಿಂದ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು ಬಾಳುವ ಈ ಸಮುದಾಯವನ್ನು ಉತ್ತರ ಕರ್ನಾಟಕದ ಊರುಗಳು ಬಹುಕಾಲದಿಂದ ಬಲ್ಲವು. ಮಂಗಳವಾರ, ಶುಕ್ರವಾರಗಳಂದು ಬಾಗಿಲಿಗೆ ಜೋಗಕ್ಕೆ ಬಂದವರಿಗೆ ಹಿಟ್ಟೋ ಜೋಳವೋ ಹಾಕಿ ಕೈಮುಗಿಯುವ ಮನೆಗಳು ಇಂದಿಗೂ ಇವೆ. ಗಂಡು ಮಗ ಯಾಕೆ ಹೀಗಾದ ಎಂಬ ಪ್ರಶ್ನೆಗೆ ಈ ನೆಲದ ಜನ ಎಲ್ಲಮ್ಮನ ಹೆಸರಿನಲ್ಲಿ ಒಂದು ಉತ್ತರ ಕಂಡುಕೊಂಡಿದ್ದರು. ಕಳೆದ ನಲವತ್ತು ಐವತ್ತು ವರ್ಷಗಳಲ್ಲಿ ಜೀವವಿಜ್ಞಾನಿಗಳೂ ಅದರ ಹತ್ತಿರದ ಇನ್ನೊಂದು ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾರೆ: ಮನುಷ್ಯರಲ್ಲಿ ಹೆಚ್ಚಿನವರ ಒಲವು ವಿರುದ್ಧ ಲಿಂಗದ ಕಡೆಗಿರುವಾಗ, ಪ್ರತಿ ತಲೆಮಾರಿನಲ್ಲೂ ಕೆಲವರ ಒಲವು ಸ್ವಲಿಂಗದ ಕಡೆಗೆ ತಿರುಗುವುದು ಹೇಗೆ, ಮತ್ತು ಮಕ್ಕಳ ಸಂಖ್ಯೆಯನ್ನು ಕಡಿಮೆ ಮಾಡುವ ಇಂಥ ಗುಣ ಲಕ್ಷಾಂತರ ವರ್ಷಗಳ ವಿಕಾಸದಲ್ಲಿ ಅಳಿದುಹೋಗದೆ ಉಳಿದಿರುವುದು ಹೇಗೆ?

ಮುಂದೆ ಹೋಗುವ ಮೊದಲು ಎರಡು ವಿಷಯಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಒಬ್ಬ ವ್ಯಕ್ತಿ ಯಾರೆಡೆಗೆ ಆಕರ್ಷಿತನಾಗುತ್ತಾನೆ ಎಂಬುದು ಲೈಂಗಿಕ ಒಲವು; ತನ್ನನ್ನು ತಾನು ಗಂಡೆಂದು, ಹೆಣ್ಣೆಂದು ಅಥವಾ ಇವೆರಡೂ ಅಲ್ಲವೆಂದು ಒಳಗಿನಿಂದ ತಿಳಿಯುವುದು ಲಿಂಗ ಗುರುತು. ಸಂಡೂರಿನವರಾದ ಲೇಖಕ ವಸುಧೇಂದ್ರರ ‘ಮೋಹನಸ್ವಾಮಿ’ (2013) ಕಥೆಗಳ ನಾಯಕ ಗಂಡಾಗಿಯೇ ಇದ್ದು ಗಂಡಸರನ್ನು ಪ್ರೀತಿಸುವವನು. ಅವನದು ಒಲವಿನ ಪ್ರಶ್ನೆ. ಜೋಗಪ್ಪಂದಿರ ಬದುಕಿನಲ್ಲಿ ಮೊದಲು ಕಾಣುವುದು ಲಿಂಗ ಗುರುತು ಮತ್ತು ಭಕ್ತಿ. ಅವರಲ್ಲಿ ಗಂಡಸರ ಸಂಗಾತವನ್ನು ಬಯಸುವವರೂ, ಮದುವೆಯಾಗಿ ಹೆಂಡತಿ ಮಕ್ಕಳನ್ನು ಹೊಂದಿದವರೂ, ಎರಡರಿಂದಲೂ ದೂರ ಉಳಿದವರೂ ಇದ್ದಾರೆ. ಹೀಗಿದ್ದರೂ ಇವರ ಉಲ್ಲೇಖ ಇಲ್ಲಿ ಅಪ್ರಸ್ತುತವಲ್ಲ. ಪಾಶ್ಚಾತ್ಯ ನಗರಗಳಲ್ಲಿ ಇಬ್ಬರು ಗಂಡಸರ ಸಂಬಂಧವಾಗಿ ಕಾಣಿಸಿಕೊಳ್ಳುವ ಒಲವು, ಪೆಸಿಫಿಕ್ ದ್ವೀಪಗಳಿಂದ ಮೆಕ್ಸಿಕೋದವರೆಗೆ ಅನೇಕ ಸಮಾಜಗಳಲ್ಲಿ ಹೆಣ್ಣುಡುಗೆಯ ಮೂರನೆಯ ಲಿಂಗವಾಗಿ ತನ್ನ ಸ್ಥಾನ ಕಂಡುಕೊಂಡಿದೆ ಎಂಬುದು ಈ ಕ್ಷೇತ್ರದ ಸಂಶೋಧಕರ ಮುಖ್ಯ ತಿಳಿವಳಿಕೆಗಳಲ್ಲಿ ಒಂದು. ವಿಕಾಸದ ಅತಿ ಚರ್ಚಿತ ವಿವರಣೆಗೆ ಸಾಕ್ಷ್ಯ ದೊರಕಿದ್ದೂ ಅಂಥ ಒಂದು ಸಮಾಜದಲ್ಲಿಯೇ.

1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ಸಲಿಂಗ ಸಂಬಂಧವನ್ನು ನಿಸರ್ಗದ ವ್ಯವಸ್ಥೆಗೆ ವಿರುದ್ಧವಾದ ಕೃತ್ಯಗಳ ಸಾಲಿಗೆ ಸೇರಿಸಿತ್ತು. ನಿಸರ್ಗವನ್ನು ಕಣ್ಣಾರೆ ಕಂಡವರ ದಾಖಲೆಗಳು ಬೇರೆ ಮಾತನ್ನು ಹೇಳುತ್ತವೆ. ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಮರದಿಂದ ಮರಕ್ಕೆ ಹಾರುವ ಮುಸುವಗಳ ಕುಲಕ್ಕೇ ಸೇರಿದ, ರಾಜಸ್ಥಾನದ ಜೋಧಪುರದ ಸುತ್ತಲಿನ ಮುಸುವಗಳನ್ನು ದೀರ್ಘಕಾಲ ಗಮನಿಸಿದ ವಿಜ್ಞಾನಿಗಳು, ಹೆಣ್ಣು ಮುಸುವಗಳು ಪರಸ್ಪರ ಏರುವ ವರ್ತನೆಯನ್ನು 1991ರಲ್ಲೇ ವಿವರವಾಗಿ ಪ್ರಕಟಿಸಿದ್ದಾರೆ. 1938ರಲ್ಲಿ ಭಾರತದಿಂದ ಹಡಗಿನಲ್ಲಿ ಸಾಗಿಸಿ ಪೋರ್ಟೊ ರಿಕೊ ಬಳಿಯ ಕಾಯೊ ಸಾಂಟಿಯಾಗೊ ದ್ವೀಪದಲ್ಲಿ ಬಿಟ್ಟ ಸುಮಾರು 400 ರೀಸಸ್ ಕೋತಿಗಳ ಸಂತತಿಯನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವೊಂದು ಅಧ್ಯಯನ ಮಾಡಿ 2023ರಲ್ಲಿ ಫಲಿತಾಂಶ ಹೊರತಂದಿತು: ಗಮನಿಸಿದ 236 ಗಂಡುಗಳಲ್ಲಿ ನೂರಕ್ಕೆ 72ರಷ್ಟು ಇತರ ಗಂಡುಗಳನ್ನು ಏರಿದ್ದವು, ಆ ವರ್ತನೆಯ ವ್ಯತ್ಯಾಸದಲ್ಲಿ ಒಂದು ಸಣ್ಣ ಪಾಲು, ಸುಮಾರು ಶೇ. 6, ವಂಶದಿಂದ ಬಂದದ್ದು, ಮತ್ತು ಇದರಿಂದ ಅವುಗಳ ಸಂತಾನಕ್ಕೆ ಯಾವ ಕುಂದೂ ಬಂದಿರಲಿಲ್ಲ. ಇವೆಲ್ಲ ವರ್ತನೆಯ ಮಾತಾಯಿತು, ಒಲವಿನದಲ್ಲ. ಕೋತಿ ಸಂದರ್ಭಕ್ಕೆ ತಕ್ಕಂತೆ ಗಂಡನ್ನೂ ಹೆಣ್ಣನ್ನೂ ಏರುತ್ತದೆ. ಮನುಷ್ಯರ ಒಲವಿಗೆ ಹತ್ತಿರವಾಗಿರುವುದು, ತುಸು ವಿಚಿತ್ರವೆನಿಸಿದರೂ, ಸಾಕಿದ ಟಗರು. ಅಮೆರಿಕದಲ್ಲಿ ಚಾರ್ಲ್ಸ್ ರೊಸೆಲ್ಲಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ನೂರರಲ್ಲಿ ಸುಮಾರು ಎಂಟು ಟಗರುಗಳು, ಬೆದೆಗೆ ಬಂದ ಕುರಿ ಎದುರಿಗಿದ್ದರೂ ಅದನ್ನು ಬಿಟ್ಟು ಇನ್ನೊಂದು ಟಗರನ್ನೇ ಆರಿಸಿಕೊಂಡವು. ಇಂಥ ಟಗರುಗಳ ಮಿದುಳಿನ ಹೈಪೋಥಲಮಸ್ ಭಾಗದ ಒಂದು ನರಕೋಶಗುಚ್ಛ ಉಳಿದ ಟಗರುಗಳದಕ್ಕಿಂತ ಚಿಕ್ಕದಾಗಿ, ಹೆಣ್ಣು ಕುರಿಗಳದರ ಗಾತ್ರಕ್ಕೆ ಹತ್ತಿರವಾಗಿತ್ತು. ಅಥಣಿ, ಗೋಕಾಕ, ಚಿಕ್ಕೋಡಿ ಕಡೆಯ ಕುರಿಗಾರರಿಗೆ ಹಿಂಡಿನಲ್ಲಿ ಕೆಲಸಕ್ಕೆ ಬಾರದ ಟಗರು ಹೊಸ ಸುದ್ದಿಯೇನಲ್ಲ.

ಮನುಷ್ಯರಲ್ಲಿ ವಂಶದ ಪಾತ್ರವನ್ನು ಅಳೆಯುವ ಹಳೆಯ ದಾರಿ ಅವಳಿಗಳದ್ದು. ಒಂದೇ ಅಂಡ ಒಡೆದು ಹುಟ್ಟಿದ ಅವಳಿಗಳಲ್ಲಿ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳು ಒಡಹುಟ್ಟಿದವರಂತೆ ಅರ್ಧದಷ್ಟನ್ನು ಹಂಚಿಕೊಳ್ಳುತ್ತಾರೆ. ಮೊದಲನೆಯ ಬಗೆಯ ಜೋಡಿಗಳಲ್ಲಿ ಒಂದು ಗುಣದ ಹೋಲಿಕೆ ಎರಡನೆಯ ಬಗೆಯವಕ್ಕಿಂತ ಎಷ್ಟು ಹೆಚ್ಚೋ ಅಷ್ಟು ಅದರಲ್ಲಿ ವಂಶದ ಕೈವಾಡವಿದೆ ಎಂದು ಲೆಕ್ಕ. ಸ್ವೀಡನ್ನಿನ 3,826 ಅವಳಿ ಜೋಡಿಗಳ ಮಾಹಿತಿಯಿಂದ 2010ರಲ್ಲಿ ಪ್ರಕಟವಾದ ಅಧ್ಯಯನ, ಗಂಡಸರಲ್ಲಿ ಸಲಿಂಗ ವರ್ತನೆಯ ವ್ಯತ್ಯಾಸಕ್ಕೆ ಶೇ. 34ರಿಂದ 39, ಹೆಂಗಸರಲ್ಲಿ ಶೇ. 18ರಿಂದ 19ರಷ್ಟು ವಂಶವಾಹಿಗಳು ಕಾರಣವೆಂದು ಅಂದಾಜಿಸಿತು. ಉಳಿದದ್ದು ಪರಿಸರ, ಆದರೆ ಇಲ್ಲಿ ಪರಿಸರವೆಂದರೆ ಬಹುಪಾಲು ತಂದೆತಾಯಿಗಳ ಸಾಕಣೆಯಲ್ಲ, ಒಬ್ಬನಿಗೆ ಒದಗಿ ಅವನ ಅವಳಿಗೆ ಒದಗದ ಎಲ್ಲವೂ, ಗರ್ಭದೊಳಗಿನ ಸಣ್ಣಪುಟ್ಟ ಏರುಪೇರುಗಳೂ ಸೇರಿ. ತಾಯಿ ಮುದ್ದು ಮಾಡಿ ಕೆಡಿಸಿದಳು, ತಂದೆ ಹತ್ತಿರ ಸೇರಿಸಲಿಲ್ಲ ಎಂಬ ಹಳೆಯ ಮನೋವಿಶ್ಲೇಷಣೆಯ ಮಾತಿಗೆ ಇಂಥ ಅಧ್ಯಯನಗಳಲ್ಲಿ ಆಧಾರ ಸಿಗುವುದಿಲ್ಲ; ಆ ಮಾತನ್ನು ಇಂದಿಗೂ ಆಡುವವರು ನಮ್ಮಲ್ಲಿ ಕಡಿಮೆಯಿಲ್ಲವೆಂಬುದು ಬೇರೆ.

1993ರಲ್ಲಿ ಅಮೆರಿಕದ ಡೀನ್ ಹ್ಯಾಮರ್, ಇಬ್ಬರೂ ಸಲಿಂಗಿಗಳಾದ 40 ಜೋಡಿ ಸಹೋದರರಲ್ಲಿ 33 ಜೋಡಿಗಳು ತಾಯಿಯಿಂದ ಬಂದ ಎಕ್ಸ್ ವರ್ಣತಂತುವಿನ ತುದಿಯ ಒಂದು ಭಾಗವನ್ನು ಸಮಾನವಾಗಿ ಪಡೆದಿದ್ದನ್ನು ಕಂಡು ಪ್ರಕಟಿಸಿದಾಗ, ಪತ್ರಿಕೆಗಳು ಸಲಿಂಗಕಾಮದ ಜೀನ್ ಸಿಕ್ಕಿತೆಂದು ಸಾರಿಬಿಟ್ಟವು. 1999ರಲ್ಲಿ ಕೆನಡಾದ ತಂಡವೊಂದಕ್ಕೆ ಅದು ಸಿಗಲಿಲ್ಲ. 2015ರಲ್ಲಿ 409 ಜೋಡಿಗಳ ಅಧ್ಯಯನದಲ್ಲಿ ಮತ್ತೆ ಸುಳಿವು ಸಿಕ್ಕಿತು. ಈ ಹಗ್ಗಜಗ್ಗಾಟಕ್ಕೆ ಬಹುಮಟ್ಟಿಗೆ ತೆರೆ ಎಳೆದದ್ದು 2019ರಲ್ಲಿ ಆಂಡ್ರಿಯಾ ಗನ್ನಾ ಮತ್ತು ಸಂಗಡಿಗರು 4,77,522 ಜನರ ಡಿಎನ್‌ಎ ಮಾಹಿತಿಯನ್ನು ಜಾಲಾಡಿ ಹೊರತಂದ ಪ್ರಬಂಧ. ವರ್ಣತಂತುಗಳ ಮೇಲೆ ಐದು ತಾಣಗಳು ಖಚಿತವಾಗಿ ಗುರುತಿಗೆ ಬಂದವು, ಆದರೆ ಅವೈದೂ ಸೇರಿ ವಿವರಿಸಿದ್ದು ವ್ಯತ್ಯಾಸದ ಶೇ. 1ಕ್ಕಿಂತ ಕಡಿಮೆ, ಸಾವಿರಾರು ಸಣ್ಣ ಸಣ್ಣ ವ್ಯತ್ಯಾಸಗಳ ಒಟ್ಟು ಪಾಲು ಶೇ. 8ರಿಂದ 25. ಅಂದರೆ ಎತ್ತರ, ರಕ್ತದೊತ್ತಡ, ಸ್ವಭಾವಗಳ ಹಾಗೆ ಇದೂ ಬಹುಸಂಖ್ಯೆಯ ವಂಶವಾಹಿಗಳು ಒಂದೊಂದು ಕಾಳಿನಷ್ಟು ಕೊಟ್ಟು ತುಂಬಿಸಿದ ಗುಣ. ಯಾರದೇ ರಕ್ತ ಪರೀಕ್ಷಿಸಿ ಅವರ ಒಲವನ್ನು ಮುಂಚಿತವಾಗಿ ಹೇಳಲಾಗದು. ಈ ಪ್ರಬಂಧದ ಒಂದು ದೌರ್ಬಲ್ಯವನ್ನು ಮರೆಯುವಂತಿಲ್ಲ: ಬ್ರಿಟನ್ನಿನ ಜೈವಿಕ ಮಾಹಿತಿಕೋಶದಲ್ಲಿ ಕೇಳಿದ್ದ ಪ್ರಶ್ನೆ, ಜೀವಮಾನದಲ್ಲಿ ಒಮ್ಮೆಯಾದರೂ ಸ್ವಲಿಂಗದವರೊಡನೆ ಕೂಡಿದ್ದುಂಟೇ ಎಂಬುದು. ಒಮ್ಮೆ ಕುತೂಹಲಕ್ಕೆ ಕೂಡಿದವನನ್ನೂ ಜೀವನಪೂರ್ತಿ ಅದೇ ಒಲವಿನಲ್ಲಿರುವವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಅಳೆದದ್ದು ಒಲವನ್ನೋ ಸಾಹಸಪ್ರವೃತ್ತಿಯನ್ನೋ ಎಂಬ ಸಂಶಯ ಉಳಿಯುತ್ತದೆ. ಅಲ್ಲಿ ಪರಿಗಣಿಸಿದವರೆಲ್ಲ ಯುರೋಪು ಮೂಲದವರು ಎಂಬುದೂ ಗಮನಾರ್ಹ.

ವಂಶವಾಹಿಗಳಿಗಿಂತ ಸ್ಪಷ್ಟವಾಗಿ, ದೇಶದಿಂದ ದೇಶಕ್ಕೆ ಮರುಕಳಿಸಿದ ಇನ್ನೊಂದು ಸುಳಿವು ಹುಟ್ಟಿನ ಸರದಿಯದು. ಕೆನಡಾದ ರೇ ಬ್ಲಾಂಚರ್ಡ್ ಮತ್ತು ಆಂಟನಿ ಬೊಗರ್ಟ್ 1996ರಲ್ಲಿ ತೋರಿಸಿದಂತೆ, ಸಲಿಂಗಿ ಗಂಡಸರಿಗೆ ಸರಾಸರಿಯಲ್ಲಿ ಅಣ್ಣಂದಿರು ಹೆಚ್ಚು. ಪ್ರತಿಯೊಬ್ಬ ಅಣ್ಣನಿಂದ ಈ ಒಲವಿನ ಸಂಭವ ಮೂರನೆಯ ಒಂದರಷ್ಟು ಏರುತ್ತದೆ. ಅಕ್ಕಂದಿರಿಂದ ಈ ಏರಿಕೆ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಮೂಲ ಸಂಭವವೇ ನೂರಕ್ಕೆ ಎರಡರ ಆಸುಪಾಸಿನಲ್ಲಿರುವುದರಿಂದ ನಾಲ್ವರು ಅಣ್ಣಂದಿರಿರುವ ತಮ್ಮನ ಒಲವೂ ಹೆಣ್ಣಿನ ಕಡೆಗೇ ಇರುವ ಸಂಭವ ಬಹಳ ಹೆಚ್ಚು ಎಂಬುದನ್ನು ಓದುಗರು ಇಲ್ಲಿ ನೆನಪಿಡಬೇಕು. ಒಂದೇ ಮನೆಯಲ್ಲಿ ಬೆಳೆದ ಮಲತಾಯಿಯ ಮಕ್ಕಳಿಂದ ಅಥವಾ ದತ್ತು ಬಂದ ಅಣ್ಣಂದಿರಿಂದ ಯಾವ ಬದಲಾವಣೆಯೂ ಆಗದೆ, ಒಂದೇ ಗರ್ಭದಿಂದ ಬಂದು ಬೇರೆಲ್ಲೋ ಬೆಳೆದ ಅಣ್ಣಂದಿರಿಂದ ಆಗುತ್ತದೆಂದು ಬೊಗರ್ಟ್ 2006ರಲ್ಲಿ ತೋರಿಸಿದ ಮೇಲೆ, ಕಾರಣ ಮನೆಯಲ್ಲಿಲ್ಲ, ಗರ್ಭದಲ್ಲಿದೆ ಎಂಬ ಊಹೆ ಬಲಗೊಂಡಿತು. ಗಂಡು ಭ್ರೂಣದ ವೈ ವರ್ಣತಂತು ತಯಾರಿಸುವ ಕೆಲವು ಪ್ರೋಟೀನುಗಳು ತಾಯಿಯ ದೇಹಕ್ಕೆ ಪರಕೀಯ. ಹೆರಿಗೆಯಲ್ಲಿ ಅವು ತಾಯಿಯ ರಕ್ತದೊಡನೆ ಬೆರೆತಾಗ ಆಕೆಯ ರೋಗರಕ್ಷಣಾ ವ್ಯವಸ್ಥೆ ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಬಹುದು, ಮತ್ತು ಮುಂದಿನ ಗಂಡು ಭ್ರೂಣದ ಮಿದುಳಿನ ಬೆಳವಣಿಗೆಯಲ್ಲಿ ಅವು ಕೈಯಾಡಿಸಬಹುದು. 2018ರಲ್ಲಿ ಇದೇ ತಂಡ, ಅಣ್ಣಂದಿರಿರುವ ಸಲಿಂಗಿ ಗಂಡುಮಕ್ಕಳ ತಾಯಂದಿರ ರಕ್ತದಲ್ಲಿ ಎನ್‌ಎಲ್‌ಜಿಎನ್4ವೈ ಎಂಬ ಅಂಥ ಒಂದು ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳು ಹೆಚ್ಚಿರುವುದನ್ನು ವರದಿ ಮಾಡಿತು. ಅಧ್ಯಯನ ಚಿಕ್ಕದು, ಬೇರೆಯವರು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಬೇಕಾದದ್ದು. ಸಲಿಂಗಿ ಗಂಡಸರಲ್ಲಿ ಏಳಕ್ಕೆ ಒಬ್ಬರ ಒಲವಿಗೆ ಈ ಅಣ್ಣಂದಿರ ಪರಿಣಾಮ ಕಾರಣವಿರಬಹುದೆಂಬ ಅಂದಾಜು ನಿಜವಾದರೆ, ಕರ್ನಾಟಕದಂಥ ಕಡೆ, ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳ ಸಂಖ್ಯೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ 1.7ಕ್ಕೆ ಇಳಿದಿರುವಾಗ, ಈ ದಾರಿಯ ಪಾಲು ತಾನಾಗಿ ಕಡಿಮೆಯಾಗುತ್ತ ಹೋಗಬೇಕು.

ಗರ್ಭದಲ್ಲಿನ ಹಾರ್ಮೋನುಗಳ ಮಾತು ಇದಕ್ಕಿಂತ ಹಳೆಯದು. ಅಡ್ರೀನಲ್ ಗ್ರಂಥಿಯ ಹುಟ್ಟುದೋಷದಿಂದ ಗರ್ಭದಲ್ಲೇ ಹೆಚ್ಚಿನ ಪುರುಷ ಹಾರ್ಮೋನಿಗೆ ಒಡ್ಡಿಕೊಂಡ ಹೆಣ್ಣುಮಕ್ಕಳಲ್ಲಿ ಹೆಂಗಸರೆಡೆಗಿನ ಒಲವು ಉಳಿದವರಿಗಿಂತ ಹೆಚ್ಚು ಕಾಣುತ್ತದೆ, ಆದರೂ ಅವರಲ್ಲಿ ಬಹುಪಾಲಿನ ಒಲವು ಗಂಡಿನ ಕಡೆಗೇ. 1991ರಲ್ಲಿ ಸೈಮನ್ ಲೆವೇ 41 ಮೃತದೇಹಗಳ ಮಿದುಳು ಪರೀಕ್ಷಿಸಿ, ಹೈಪೋಥಲಮಸ್ಸಿನ ಒಂದು ಪುಟ್ಟ ಗುಚ್ಛ ಸಲಿಂಗಿ ಗಂಡಸರಲ್ಲಿ ಚಿಕ್ಕದೆಂದು ಹೇಳಿದ್ದು ಬಹಳ ಸುದ್ದಿಯಾಯಿತು. ಅವರಲ್ಲಿದ್ದ 19 ಸಲಿಂಗಿಗಳೂ ಏಡ್ಸ್‌ನಿಂದ ಸತ್ತವರಾಗಿದ್ದರಿಂದ ಟೀಕೆಯೂ ಅಷ್ಟೇ ಬಂತು. ಹೆಂಗಸರ ಒಲವಿನ ಬಗ್ಗೆ ಈ ಸಾಹಿತ್ಯವೆಲ್ಲ ತೆಳುವಾಗಿದೆ. ಅಣ್ಣಂದಿರ ಸಿದ್ಧಾಂತವಾಗಲಿ, ಮುಂದೆ ಬರುವ ಬಂಧು ಸಿದ್ಧಾಂತವಾಗಲಿ ಗಂಡಸರನ್ನೇ ನಡುವೆ ಕೂರಿಸಿಕೊಂಡಿವೆ. ವಿಜ್ಞಾನದಲ್ಲೂ ಹೆಣ್ಣಿನ ಪಾಳಿ ಕೊನೆಗೇ ಬರುವುದು ಹೊಸದಲ್ಲ.

ಹೇಗೆ ಎಂಬುದಕ್ಕೆ ಇಷ್ಟಾದರೂ ಉತ್ತರ ಸಿಕ್ಕ ಮೇಲೆ ಯಾಕೆ ಉಳಿಯಿತು ಎಂಬುದು ಎದುರಾಗುತ್ತದೆ. ಇದರ ಅತ್ಯಂತ ಸೊಗಸಾದ ಉತ್ತರದ ಬೀಜ, ಕೊನೆಗಾಲದಲ್ಲಿ ಭಾರತದ ಪೌರನಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ.ಬಿ.ಎಸ್. ಹಾಲ್ಡೇನ್ ಅವರ ಬರಹಗಳಲ್ಲಿತ್ತು. ಅದೇ ವರ್ಷ ಡಬ್ಲ್ಯು.ಡಿ. ಹ್ಯಾಮಿಲ್ಟನ್ ಅದನ್ನು ಗಣಿತಕ್ಕೆ ಇಳಿಸಿದರು. ಸ್ವಂತ ಮಗುವಿನಲ್ಲಿ ಒಬ್ಬನ ವಂಶವಾಹಿಗಳ ಅರ್ಧ ಪಾಲು, ಸೋದರಿಯ ಮಗುವಿನಲ್ಲಿ ಕಾಲು ಪಾಲು ಇರುತ್ತದೆ. ಆದ್ದರಿಂದ ತಾನು ಒಂದು ಮಗುವನ್ನು ಪಡೆಯದೆ ಬಿಟ್ಟವನು, ತನ್ನ ಆಸರೆಯಿಂದ ಸೋದರಿಗೆ ಇನ್ನೆರಡು ಹೆಚ್ಚಿನ ಮಕ್ಕಳು ಬದುಕುಳಿಯುವಂತೆ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಇದಕ್ಕೆ ಬಂಧು ಆಯ್ಕೆ ಎಂದು ಹೆಸರು. ಮೊಟ್ಟೆಯಿಡದೆ ರಾಣಿಯ ಮರಿಗಳನ್ನು ಸಾಕುವ ಕೆಲಸಗಾರ ಜೇನುಗಳು ಅದರ ಪ್ರಸಿದ್ಧ ನಿದರ್ಶನ. ಹಾರ್ವರ್ಡಿನ ಇ.ಓ. ವಿಲ್ಸನ್ 1970ರ ದಶಕದಲ್ಲಿ ಇದನ್ನು ಮನುಷ್ಯರ ಸಲಿಂಗ ಒಲವಿಗೆ ಅನ್ವಯಿಸಿ, ಮಕ್ಕಳಿಲ್ಲದ ಸೋದರಮಾವ ಅಥವಾ ಚಿಕ್ಕಪ್ಪ ಬೇಟೆಗಾರ ಕುಟುಂಬಕ್ಕೆ ದೊಡ್ಡ ಆಸರೆಯಾಗಿದ್ದಿರಬಹುದೆಂದರು. ಸಿದ್ಧಾಂತ ಚೆಂದವಿತ್ತು, ಸಾಕ್ಷ್ಯ ಮಾತ್ರ ಕೈಕೊಟ್ಟಿತು. 2001ರಲ್ಲಿ ಅಮೆರಿಕದಲ್ಲಿಯೂ 2005ರಲ್ಲಿ ಬ್ರಿಟನ್ನಿನಲ್ಲಿಯೂ ವಿಚಾರಿಸಿದಾಗ ಸಲಿಂಗಿ ಗಂಡಸರು ಸೋದರ ಸೋದರಿಯರ ಮಕ್ಕಳಿಗೆ ಉಳಿದವರಿಗಿಂತ ಹೆಚ್ಚೇನೂ ಕೊಡುತ್ತಿರಲಿಲ್ಲ.

ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಪಾಲ್ ವೇಸಿಗೆ ಹೊಳೆದದ್ದೆಂದರೆ, ಮನೆಯಿಂದ ಹೊರದೂಡಲ್ಪಟ್ಟು ನಗರ ಸೇರಿದ ಗಂಡಸರಲ್ಲಿ ಈ ಗುಣವನ್ನು ಹುಡುಕುವುದೇ ತಪ್ಪು, ಕುಟುಂಬದ ಒಳಗೇ ಉಳಿದವರಲ್ಲಿ ಹುಡುಕಬೇಕು ಎಂಬುದು. ಪೆಸಿಫಿಕ್ಕಿನ ಸಮೋವಾ ದ್ವೀಪದಲ್ಲಿ ಗಂಡಾಗಿ ಹುಟ್ಟಿ, ಹೆಣ್ಣಿನ ರೀತಿಯಲ್ಲಿ ಬಾಳುವ, ಗಂಡಸರೆಡೆಗೆ ಒಲವಿರುವ ಫಾಫಫೀನೆಯರನ್ನು ಮನೆಯವರು ಬಹುಮಟ್ಟಿಗೆ ಒಪ್ಪಿಕೊಂಡಿರುತ್ತಾರೆ. ಅಲ್ಲಿ 2007ರಿಂದ ಒಂದಾದ ಮೇಲೊಂದರಂತೆ ನಡೆದ ಅಧ್ಯಯನಗಳಲ್ಲಿ ವೇಸಿ ಮತ್ತು ಡೌಗ್ ವಾಂಡರ್‌ಲಾನ್, ಫಾಫಫೀನೆಯರು ಸೋದರಳಿಯ ಸೊಸೆಯಂದಿರ ಓದು, ಔಷಧಿ, ಆರೈಕೆಗೆ ಇತರ ಗಂಡಸರಿಗಿಂತ ಹೆಚ್ಚು ಒದಗಿಬರುತ್ತಾರೆಂದೂ, ಮಕ್ಕಳಿಲ್ಲದ ಇತರ ಗಂಡಸರಲ್ಲಿ ಅಥವಾ ಹೆಂಗಸರಲ್ಲಿ ಆ ಪ್ರಮಾಣ ಕಾಣದೆಂದೂ ತೋರಿಸಿದರು. ಜಪಾನಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಮತ್ತೆ ಇಲ್ಲವೆಂದೇ ಬಂತು.

ಬೆಳಗಾವಿ ಸೀಮೆಯ ಓದುಗರಿಗೆ ಈ ಸಿದ್ಧಾಂತದ ಇನ್ನೊಂದು ತೊಡಕು ತಕ್ಷಣ ಹೊಳೆಯಬೇಕು. ಇಲ್ಲಿ ಸೋದರಮಾವನಾಗುವುದು ಒಲವಿನ ಪ್ರಶ್ನೆಯಲ್ಲ, ಕಟ್ಟಳೆಯ ಪ್ರಶ್ನೆ: ಜವಳ ತೆಗೆಯುವಾಗ ಮಗು ಕೂರಬೇಕಾದದ್ದು ಅವನ ತೊಡೆಯ ಮೇಲೆ, ಮೊದಲ ಕೂದಲಿಗೆ ಕತ್ತರಿ ಇಡಬೇಕಾದವನು ಅವನು, ಹೊಸ ಬಟ್ಟೆ ತರಬೇಕಾದವನೂ ಅವನೇ, ಅಕ್ಕನ ಮಗಳನ್ನು ಮದುವೆಯಾಗುವ ಹಕ್ಕನ್ನೂ ಕೆಲವು ಸಮುದಾಯಗಳು ಅವನಿಗೆ ಕೊಟ್ಟಿದ್ದವು. ಎಲ್ಲ ಸೋದರಮಾವಂದಿರೂ ಇಷ್ಟು ಕೊಡಲೇಬೇಕಾದ ಸಮಾಜದಲ್ಲಿ ಮದುವೆಯಾಗದವನು ಕೊಟ್ಟ ಹೆಚ್ಚಿನದನ್ನು ಬೇರ್ಪಡಿಸಿ ಅಳೆಯುವುದು ಸುಲಭವಲ್ಲ. ಜೋಗಪ್ಪಂದಿರ ಸ್ಥಿತಿ ಫಾಫಫೀನೆಯರಿಗಿಂತ ಭಿನ್ನವೂ ಹೌದು: ಮುತ್ತು ಕಟ್ಟಿಸಿಕೊಂಡವರಲ್ಲಿ ಕೆಲವರು ಹುಟ್ಟಿದ ಮನೆಯಲ್ಲೇ ಉಳಿದರೆ, ಹಲವರು ಗುರುವಿನ ಮನೆಯನ್ನೇ ಮನೆ ಮಾಡಿಕೊಂಡು ಜೋಗದಿಂದಲೂ ಕುಣಿತದಿಂದಲೂ ಹೊಟ್ಟೆ ಹೊರೆಯುತ್ತಾರೆ. ಗೌರವ ಸಿಕ್ಕಿದ್ದೂ ಉಂಟು. ಜೋಗತಿ ನೃತ್ಯದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಕೊಡದ ದೇವಿಗೆ ಕೈಮುಗಿದ ಮನೆಯೇ, ತನ್ನ ಮಗ ಕೊಡ ಹೊರುತ್ತೇನೆಂದಾಗ ಬಾಗಿಲು ಹಾಕಿಕೊಂಡ ಉದಾಹರಣೆಗಳೂ ಉಂಟು.

ಬಂಧು ಆಯ್ಕೆಗೆ ಪ್ರತಿಸ್ಪರ್ಧಿಯಾಗಿ ಬೆಳೆದ ವಾದ, ಲಾಭ ಬಂಧುಗಳ ಸೇವೆಯಿಂದ ಬರುವುದಲ್ಲ, ಅವೇ ವಂಶವಾಹಿಗಳು ಬೇರೆ ದೇಹದಲ್ಲಿ ಮಾಡುವ ಕೆಲಸದಿಂದ ಬರುತ್ತದೆ ಎನ್ನುತ್ತದೆ. ಇಟಲಿಯ ಪಾದುವಾದ ಆಂಡ್ರಿಯಾ ಕಾಂಪೇರಿಯೊ ಚಾನಿ 2004ರಲ್ಲಿ, ಸಲಿಂಗಿ ಗಂಡಸರ ತಾಯಂದಿರಿಗೂ ತಾಯಿಯ ಕಡೆಯ ಹೆಂಗಸರಿಗೂ ಮಕ್ಕಳು ಹೆಚ್ಚೆಂದು ಕಂಡುಕೊಂಡರು. ಗಂಡಿನಲ್ಲಿ ಸಂತಾನ ಕಡಿಮೆ ಮಾಡುವ ಗುಣವೇ ಹೆಣ್ಣಿನಲ್ಲಿ ಅದನ್ನು ಹೆಚ್ಚಿಸಿದರೆ ನಿಸರ್ಗದ ತಕ್ಕಡಿಯಲ್ಲಿ ಅದು ಉಳಿದುಬಿಡುತ್ತದೆ. ಆಸ್ಟ್ರೇಲಿಯದ ಬ್ರೆಂಡನ್ ಜೀಚ್ 2021ರಲ್ಲಿ, ಸಲಿಂಗ ವರ್ತನೆಗೆ ನಂಟಿರುವ ಡಿಎನ್‌ಎ ವ್ಯತ್ಯಾಸಗಳನ್ನು ಹೊತ್ತ ಆದರೆ ವಿರುದ್ಧ ಲಿಂಗದವರೊಡನೆ ಮಾತ್ರ ಸಂಬಂಧವಿದ್ದ ಜನರಿಗೆ ಸಂಗಾತಿಗಳ ಸಂಖ್ಯೆ ಹೆಚ್ಚಿತ್ತೆಂದು ತೋರಿಸಿದರು. ಇವು ಸೋದರಮಾವನ ಕಥೆಯಷ್ಟು ಹೃದ್ಯವಲ್ಲ, ಆದರೆ ಸಾವಿರಾರು ವಂಶವಾಹಿಗಳ ಇಂದಿನ ಚಿತ್ರಕ್ಕೆ ಹೆಚ್ಚು ಹೊಂದುತ್ತವೆ.

ಇಡೀ ಚರ್ಚೆಯ ಬುಡದಲ್ಲಿರುವ ಊಹೆಯೊಂದನ್ನೂ ಇಲ್ಲಿ ಪ್ರಶ್ನಿಸಬೇಕಾಗುತ್ತದೆ. ಸಲಿಂಗಿಗೆ ಮಕ್ಕಳಾಗುವುದಿಲ್ಲ ಎಂಬುದು ತನ್ನಿಚ್ಛೆಯಂತೆ ಒಂಟಿಯಾಗಿಯೋ ಜೊತೆಯಾಗಿಯೋ ಬಾಳಬಲ್ಲ ಇಂದಿನ ನಗರವಾಸಿಯನ್ನು ಮುಂದಿಟ್ಟುಕೊಂಡು ಹೇಳುವ ಮಾತು. ಮದುವೆಯನ್ನು ಹಿರಿಯರು ನಿಶ್ಚಯಿಸಿ, ಹುಡುಗನ ಮನಸ್ಸನ್ನು ಕೇಳದೆ ಅಕ್ಷತೆ ಹಾಕಿಬಿಡುವ ಸಮಾಜದಲ್ಲಿ, ಒಲವು ಯಾವುದೇ ಇದ್ದರೂ ಮಕ್ಕಳು ಹುಟ್ಟುತ್ತಿದ್ದವು. ಸಂಸಾರಿಗಳಾದ ಜೋಗಪ್ಪಂದಿರೇ ಇದಕ್ಕೆ ಸಾಕ್ಷಿ. ವಿಕಾಸ ತೆರಬೇಕಾಗಿದ್ದ ಬೆಲೆ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆಯಿದ್ದಿರಬಹುದು. ಒಗಟು ಭಾಗಶಃ ಒಗಟೇ ಅಲ್ಲ ಎನ್ನಲು ಇಷ್ಟು ಸಾಕು. ಆ ಬೆಲೆಯನ್ನು ತೆತ್ತವರು ಇಂಥ ಮದುವೆಗಳಲ್ಲಿ ಬಾಳು ಸವೆಸಿದ ಗಂಡಸರೂ, ಅವರಿಗಿಂತ ಹೆಚ್ಚಾಗಿ, ಕಾರಣ ತಿಳಿಯದೆಯೇ ಮುದುಕಿಯರಾದ ಅವರ ಹೆಂಡಂದಿರೂ.

ಒಂದೇ ಜೀನ್, ಒಂದೇ ಹಾರ್ಮೋನು, ಒಂದೇ ಬಾಲ್ಯದ ಘಟನೆ ಎಂಬ ಬಗೆಯ ಉತ್ತರಗಳೆಲ್ಲ ಬಿದ್ದುಹೋಗಿ, ಬೇರೆ ಬೇರೆಯವರಲ್ಲಿ ಬೇರೆ ಬೇರೆ ದಾರಿಗಳಿಂದ ಇದೇ ಒಲವು ರೂಪುಗೊಳ್ಳುತ್ತದೆ ಎಂಬುದು ಸದ್ಯ ಸಾಕ್ಷ್ಯಗಳು ಒಪ್ಪುವ ಮಾತು. ಅದರಲ್ಲಿ ಆಯ್ಕೆಯ ಪಾತ್ರ ಕಾಣುವುದಿಲ್ಲ, ರೋಗದ ಲಕ್ಷಣವೂ ಕಾಣುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಸಲಿಂಗ ಒಲವನ್ನು ರೋಗಪಟ್ಟಿಯಿಂದ ತೆಗೆದುಹಾಕಿದವು. ಭಾರತೀಯ ಮನೋವೈದ್ಯರ ಸಂಘ, ಬೆಂಗಳೂರಿನ ಡಾ. ಅಜಿತ್ ಭಿಡೆ ಅಧ್ಯಕ್ಷರಾಗಿದ್ದ 2018ರಲ್ಲಿ, ಇದು ಕಾಯಿಲೆಯಲ್ಲವೆಂದು ಬಹಿರಂಗವಾಗಿ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ವಯಸ್ಕರ ಸಮ್ಮತಿಯ ಸಂಬಂಧವನ್ನು 377ನೆಯ ಕಲಮಿನಿಂದ ಹೊರತಂದಿತು. ಹೀಗಿದ್ದೂ ಬೆಳಗಾವಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಮಗನನ್ನೋ ಮಗಳನ್ನೋ ಸರಿಮಾಡಿಕೊಡಿರೆಂದು ದವಾಖಾನೆಯ ಮೆಟ್ಟಿಲು ಹತ್ತುವ ತಂದೆತಾಯಿಗಳಿದ್ದಾರೆ, ಗುಳಿಗೆ ಚೀಟಿ ಬರೆದು ಕಳಿಸುವವರೂ ಇದ್ದಾರೆ. ಅಂಥ ತಂದೆತಾಯಿಗಳು ತಿಳಿದಿರಬೇಕಾದ ಮಾತೆಂದರೆ, ಒಲವನ್ನು ಬದಲಿಸುತ್ತೇವೆಂದು ನೀಡುವ ಯಾವುದೇ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಆಗಸ್ಟಿನಲ್ಲಿ ವೃತ್ತಿದುರ್ನಡತೆಯೆಂದು ಘೋಷಿಸಿದೆ. ಹಾಗೆ ಮಾಡುವ ವೈದ್ಯರ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.